ಅಂತ್ಯಕಾಲದ ಬೋಧನೆ ಕಿವಿಗೆ ಬಿದ್ದಾಗ ಅದನ್ನು ಪರಿಶೋಧಿಸುವ ಬಗೆ

ಕರ್ತನಾದ ಯೇಸುವಿನ ಎರಡನೆಯ ಬರೋಣವು ಇಂಥ ವರ್ಷದಲ್ಲಿಯೇ ಆಗುತ್ತದೆ, ಈಗ ನಡೆಯುತ್ತಿರುವ ಯುದ್ಧವೇ ಅದರ ಗುರುತು ಎಂದು ಹೇಳುವ ಧ್ವನಿಸಂದೇಶವೊಂದು ಮನೆಯವರ ವಾಟ್ಸಾಪ್ ಗುಂಪಿಗೆ ಬಂದರೆ ವಿಶ್ವಾಸಿಯು ಏನು ಮಾಡಬೇಕು? ಗಾಬರಿಯಿಂದ ಇನ್ನು ಹತ್ತು ಮಂದಿಗೆ ಕಳುಹಿಸುವುದೂ ಸರಿಯಲ್ಲ, ನಕ್ಕು ಅಳಿಸಿಬಿಡುವುದೂ ಸರಿಯಲ್ಲ. ಪ್ರವಾದನೆಗಳನ್ನು ಹೀನೈಸಬಾರದು, ಆದರೆ ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನೇ ಹಿಡಿದುಕೊಳ್ಳಬೇಕು ಎಂದು ಪೌಲನು ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ಆ ಪರಿಶೋಧನೆಯನ್ನು ಮನೆಯಲ್ಲಿ ಕುಳಿತು, ಒಂದು ಸತ್ಯವೇದ ಮತ್ತು ಒಂದು ಹಾಳೆಯ ನೆರವಿನಿಂದ ಮಾಡುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಹಾಳೆಯ ಮೇಲೆ ಮೂರು ವಿಷಯಗಳನ್ನು ಬರೆದುಕೊಳ್ಳಿ: ಬೋಧಕರು ಏನು ಹೇಳಿದರು, ಅದಕ್ಕೆ ಯಾವ ವಾಕ್ಯವನ್ನು ಆಧಾರವಾಗಿ ಕೊಟ್ಟರು, ಕೇಳಿದವರು ಏನು ಮಾಡಬೇಕೆಂದು ಬಯಸಿದರು. ಮೂರನೆಯದು ಸಾಮಾನ್ಯವಾಗಿ ಸಂದೇಶದ ಕೊನೆಯಲ್ಲಿ, ಪ್ರಾರ್ಥನೆಯ ದನಿಯಲ್ಲಿ ಬರುವುದರಿಂದ, ಅದನ್ನು ಕೊನೆಯವರೆಗೂ ಕೇಳದೆ ಬರೆಯಬೇಡಿ.

ಅನಂತರ ಮಾತು ಯಾರದೆಂದು ನೋಡಿ. ಕರ್ತನ ದಿನವು ಆಗಲೇ ಬಂದುಬಿಟ್ಟಿದೆ ಎಂಬ ಸುದ್ದಿ ಥೆಸಲೋನಿಕದ ಸಭೆಯನ್ನು ಕದಡಿದಾಗ, ತನ್ನ ಹೆಸರಿನಲ್ಲಿ ಬಂದಿರಬಹುದಾದ ಪತ್ರದಿಂದಲೂ ಅವರು ಕಳವಳಗೊಳ್ಳಬಾರದು ಎಂದು ಪೌಲನು ಎಚ್ಚರಿಸಬೇಕಾಯಿತು. ಆ ಎರಡನೆಯ ಪತ್ರಿಕೆಯ ಕೊನೆಯಲ್ಲಿ ಸ್ವಂತ ಕೈಯಿಂದ ವಂದನೆ ಬರೆದು, ತನ್ನ ಪ್ರತಿಯೊಂದು ಪತ್ರಕ್ಕೂ ಇದೇ ಗುರುತೆಂದು ತಿಳಿಸಿದನು. ಫಾರ್ವರ್ಡ್ ಆದ ಸಂದೇಶದಲ್ಲಿ ಅಂಥ ಗುರುತು ಇರುವುದಿಲ್ಲ. ಹೇಳಿದವರ ಹೆಸರು, ಸಭೆ, ಯಾರಿಗೆ ಅವರು ಉತ್ತರ ಕೊಡಬೇಕಾದವರು ಎಂಬುದು ತಿಳಿಯದಿದ್ದರೆ ಅದನ್ನೂ ಹಾಳೆಯಲ್ಲಿ ಬರೆಯಿರಿ.

ದೇವರ ಸೇವಕರನ್ನು ಪರೀಕ್ಷಿಸುವುದು ಅಪರಾಧವೆಂದು ಅಂಜುವವರಿದ್ದಾರೆ. ಅಭಿಷಿಕ್ತರನ್ನು ಮುಟ್ಟಬಾರದೆಂಬ 105ನೆಯ ಕೀರ್ತನೆಯ ಮಾತನ್ನು ಕೆಲವು ಬೋಧಕರೇ ಗುರಾಣಿಯಂತೆ ಮುಂದೆ ಹಿಡಿಯುತ್ತಾರೆ. ಆ ಕೀರ್ತನೆಯು ಹೇಳುವುದು ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ ಅಬ್ರಹಾಮ, ಇಸಾಕ ಮೊದಲಾದ ಪಿತೃಗಳಿಗೆ ಅರಸರು ಕೇಡು ಮಾಡಬಾರದೆಂದೇ ಹೊರತು, ಪ್ರಸಂಗವನ್ನು ಪ್ರಶ್ನಿಸಬಾರದೆಂದಲ್ಲ. ಬೆರೋಯ ಪಟ್ಟಣದವರು ಪೌಲನ ಮಾತನ್ನೇ ದಿನಾಲೂ ಶಾಸ್ತ್ರಗ್ರಂಥದೊಂದಿಗೆ ಹೋಲಿಸಿ ನೋಡಿದ್ದನ್ನು ಲೂಕನು ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯದಲ್ಲಿ ಹೊಗಳಿಯೇ ಬರೆದಿದ್ದಾನೆ.

ಮುಂದಿನದು ವಾಕ್ಯವನ್ನು ಅದರ ಸ್ಥಳದಲ್ಲಿಟ್ಟು ಓದುವ ಕೆಲಸ. ಒಂದು ಹೆಸರಾದ ಉದಾಹರಣೆಯನ್ನು ತೆಗೆದುಕೊಳ್ಳೋಣ. ಮತ್ತಾಯ 24ರ ಅಂಜೂರದ ಮರವೆಂದರೆ ಇಸ್ರಾಯೇಲ್ ದೇಶ, ಅದು ಚಿಗುರಿದ್ದು 1948ರಲ್ಲಿ, ಇದೆಲ್ಲ ಆಗುವ ತನಕ ಈ ಸಂತತಿ ಅಳಿದುಹೋಗದು ಎಂದು ಅಲ್ಲಿ ಹೇಳಿರುವ ಸಂತತಿಯೆಂದರೆ 40 ವರ್ಷ, ಆದುದರಿಂದ 1988ರೊಳಗೆ ಎಲ್ಲವೂ ನೆರವೇರಬೇಕು ಎಂಬ ಲೆಕ್ಕವೊಂದು ಬಹಳ ಕಾಲ ಚಲಾವಣೆಯಲ್ಲಿತ್ತು. 1988 ಕಳೆದ ಮೇಲೆ, ಮನುಷ್ಯನ ಆಯುಷ್ಯ 70 ಅಥವಾ 80 ವರ್ಷ ಎನ್ನುವ 90ನೆಯ ಕೀರ್ತನೆಯನ್ನು ತಂದು ಸಂತತಿಯನ್ನು ಉದ್ದ ಮಾಡಲಾಯಿತು. ಈಗ ಇದೇ ಸಾಮ್ಯವನ್ನು ಲೂಕ 21:29ರಲ್ಲಿ ಓದಿ. ಅಲ್ಲಿ ಯೇಸು ಅಂಜೂರದ ಮರವನ್ನು ಮಾತ್ರವಲ್ಲ, ಎಲ್ಲಾ ಮರಗಳನ್ನೂ ನೋಡಿರಿ ಎನ್ನುತ್ತಾನೆ. ಅಂಜೂರವು ಇಸ್ರಾಯೇಲಾದರೆ ಉಳಿದ ಮರಗಳೆಲ್ಲ ಯಾವ ದೇಶಗಳು? ಎಲೆ ಚಿಗುರಿದರೆ ಬೇಸಿಗೆ ಹತ್ತಿರವಾಯಿತೆಂದು ತಿಳಿಯುವ ಹಾಗೆ, ಎಂಬ ನೇರವಾದ ಹೋಲಿಕೆ ಅದು. ಹೀಗೆ ಸಮಾನ ಭಾಗಗಳನ್ನು ಅಕ್ಕಪಕ್ಕದಲ್ಲಿಟ್ಟು, ಹಿಂದುಮುಂದಿನ ಅಧ್ಯಾಯದೊಂದಿಗೆ ಓದಿದರೆ ಅರ್ಧ ಲೆಕ್ಕಗಳು ಅಲ್ಲಿಯೇ ಬಿದ್ದುಹೋಗುತ್ತವೆ.

ಗಣಿತ ತಪ್ಪಿಲ್ಲದಿದ್ದರೂ ಬೋಧನೆ ತಪ್ಪಾಗಿರಬಹುದು ಎಂಬುದಕ್ಕೆ ಅಮೆರಿಕದ ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ಅವರ ಪ್ರಕರಣವನ್ನು ನೋಡಬೇಕು. 5 ಎಂದರೆ ಪ್ರಾಯಶ್ಚಿತ್ತ, 10 ಎಂದರೆ ಪೂರ್ಣತೆ, 17 ಎಂದರೆ ಪರಲೋಕ ಎಂದಿಟ್ಟುಕೊಂಡು, ಮೂರನ್ನೂ ಗುಣಿಸಿ ಬಂದ 850ನ್ನು ಮತ್ತೆ ಅದರಿಂದಲೇ ಗುಣಿಸಿದರೆ 7,22,500 ಆಗುತ್ತದೆ, ಯೇಸು ಶಿಲುಬೆಗೇರಿದ ದಿನವೆಂದು ಅವರು ಎಣಿಸಿದ ಕ್ರಿ.ಶ. 33ರ ಏಪ್ರಿಲ್ 1ರಿಂದ ಅಷ್ಟು ದಿನಗಳನ್ನು ಎಣಿಸಿದರೆ 2011ರ ಮೇ 21 ಬರುತ್ತದೆ, ನ್ಯಾಯತೀರ್ಪಿನ ದಿನ ಅದೇ ಎಂದು ಅವರು ಸಾರಿದರು. ಎಣಿಕೆ ಸರಿಯಾಗಿಯೇ ಇದೆ. ಆ ಮೂರು ಅಂಕಿಗಳನ್ನು ಗುಣಿಸಿರಿ ಎಂದು ಮಾತ್ರ ಸತ್ಯವೇದದಲ್ಲಿ ಎಲ್ಲಿಯೂ ಹೇಳಿಲ್ಲ. ಮೇ 21 ಕಳೆಯಿತು, ಅಕ್ಟೋಬರ್ 21 ಎಂದರು, ಅದೂ ಕಳೆಯಿತು. ಮರುವರ್ಷ ಅವರೇ ದಿನ ಗೊತ್ತುಮಾಡಿದ್ದು ಪಾಪವೆಂದು ಬಹಿರಂಗವಾಗಿ ಒಪ್ಪಿಕೊಂಡರು. ಅವರಿಗಿಂತ ಬಹಳ ಹಿಂದೆ, ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ಅವರ ಅನುಯಾಯಿಗಳು ದಾನಿಯೇಲ 8:14ರ 2300 ದಿನಗಳನ್ನು ವರ್ಷಗಳೆಂದು ಎಣಿಸಿ 1844ರ ಅಕ್ಟೋಬರ್ 22ರಂದು ಕ್ರಿಸ್ತನು ಬರುವನೆಂದು ಕಾದಿದ್ದರು. ಕೆಲವು ರೈತರು ಬೆಳೆಯನ್ನೇ ಹೊಲದಲ್ಲಿ ಬಿಟ್ಟಿದ್ದರು. ಆ ದಿನವೂ ಗಳಿಗೆಯೂ ತಂದೆಗೆ ಹೊರತು ಯಾರಿಗೂ ತಿಳಿಯದು ಎಂಬ ಮತ್ತಾಯ 24:36 ಇವರೆಲ್ಲರ ಸತ್ಯವೇದದಲ್ಲಿಯೂ ಇತ್ತು. ದಿನ ತಿಳಿಯದು, ವರ್ಷ ತಿಳಿಯಬಹುದು ಎಂದು ವಾದಿಸುವವರಿಗೆ, ಕಾಲಗಳನ್ನೂ ಸಮಯಗಳನ್ನೂ ತಿಳಿಯುವುದು ನಿಮ್ಮ ಕೆಲಸವಲ್ಲ ಎನ್ನುವ ಅಪೊಸ್ತಲರ ಕೃತ್ಯಗಳು 1:7ನ್ನು ತೋರಿಸಿ.

ಇಷ್ಟಾದರೂ, ದಿನಾಂಕವನ್ನು ಹೇಳದ ಬೋಧನೆಯೆಲ್ಲ ಸುರಕ್ಷಿತವೆಂದು ತಿಳಿಯಬೇಡಿ. ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ, ಆ ಬೋಧನೆಯು ರಕ್ಷಣೆಯನ್ನು ಯಾವುದರ ಮೇಲೆ ನಿಲ್ಲಿಸುತ್ತದೆ ಎಂಬುದು. ನಂಬಿಕೆಯ ಮೂಲಕ ಕೃಪೆಯಿಂದಲೇ ರಕ್ಷಣೆ, ಅದು ದೇವರ ವರ, ಕ್ರಿಯೆಗಳ ಫಲವಲ್ಲ ಎಂದು ಎಫೆಸ 2:8-9 ಹೇಳುತ್ತದೆ; ಸತ್ಕ್ರಿಯೆಗಳು 10ನೆಯ ವಚನದಲ್ಲಿ, ರಕ್ಷಣೆ ಹೊಂದಿದವರ ನಡತೆಯಾಗಿ ಬರುತ್ತವೆ. ಈ ಕ್ರಮವನ್ನು ತಿರುವುಮುರುವು ಮಾಡುವ ಬೋಧನೆಯನ್ನು ಗುರುತಿಸಲು ನಾನು ಬಳಸುವ ಪ್ರಶ್ನೆ ಒಂದೇ: ಯೇಸುವಿನ ಪಕ್ಕದಲ್ಲಿ ಶಿಲುಬೆಗೆ ಹಾಕಲ್ಪಟ್ಟ ಕಳ್ಳನಿಗೆ ಇದರಲ್ಲಿ ಜಾಗವಿದೆಯೇ? ಅವನು ಯಾವ ಗುಂಪಿಗೂ ಸೇರಲಿಲ್ಲ, ದಶಮಾಂಶ ಕೊಡಲಿಲ್ಲ, ಪ್ರಕಟನೆ ಗ್ರಂಥದ ಮುದ್ರೆಗಳನ್ನೂ ತುತೂರಿಗಳನ್ನೂ ಲೆಕ್ಕ ಹಾಕಲಿಲ್ಲ. ನನ್ನನ್ನು ನೆನಸಿಕೋ ಎಂದು ಬೇಡಿದನು, ಅಷ್ಟೇ. ನಮ್ಮ ಸಂಘದಲ್ಲಿರುವವರು ಮಾತ್ರ ಪರಲೋಕಕ್ಕೆ ಎತ್ತಲ್ಪಡುತ್ತಾರೆ, ಈ ರಹಸ್ಯ ತಿಳಿದವರು ಮಾತ್ರ ಉಳಿಯುತ್ತಾರೆ, ಈ ವಿಶೇಷ ಕಾಣಿಕೆ ಸಲ್ಲಿಸಿದ ಕುಟುಂಬವನ್ನು ಸಂಕಟ ಮುಟ್ಟದು ಎನ್ನುವ ಬೋಧನೆಯು ಅವನನ್ನು ಹೊರಗಿಡುತ್ತದೆ. ಅಂಥದು ಬೇರೆ ಸುವಾರ್ತೆ. ಅದನ್ನು ಸಾರುವವನು ಪರಲೋಕದಿಂದ ಬಂದ ದೂತನಾದರೂ ತಿರಸ್ಕರಿಸಬೇಕೆಂಬುದು ಗಲಾತ್ಯ 1:8ರ ಕಟ್ಟುನಿಟ್ಟಿನ ಮಾತು. ಕ್ಯಾಂಪಿಂಗ್ ಅವರು ದಿನಾಂಕಕ್ಕೂ ಎಷ್ಟೋ ಮೊದಲೇ, ಸಭೆಗಳ ಕಾಲ ಮುಗಿಯಿತು, ವಿಶ್ವಾಸಿಗಳು ಅವುಗಳನ್ನು ಬಿಟ್ಟು ಹೊರಬರಬೇಕು ಎಂದು ಬೋಧಿಸಿದ್ದರು. ಎಚ್ಚರಗೊಳ್ಳಬೇಕಾದ ಗಳಿಗೆ ಅದೇ ಆಗಿತ್ತು.

ಭಿನ್ನಾಭಿಪ್ರಾಯವೆಲ್ಲ ದುರ್ಬೋಧನೆಯಲ್ಲ ಎಂಬುದನ್ನೂ ಹಾಳೆಯ ಅಂಚಿನಲ್ಲಿ ಬರೆದಿಡಿ. ಪ್ರಕಟನೆ 20ರಲ್ಲಿ ಬರುವ ಕ್ರಿಸ್ತನ ಆಳಿಕೆಯ ಸಾವಿರ ವರ್ಷಗಳನ್ನು ಕಥೋಲಿಕರೂ ಹಳೆಯ ಪ್ರೊಟೆಸ್ಟಂಟ್ ಸಭೆಗಳಲ್ಲಿ ಅನೇಕರೂ ಸಾಂಕೇತಿಕವೆಂದು ಓದುತ್ತಾರೆ. ಪೆಂತೆಕೊಸ್ತ್ ಮತ್ತು ಬ್ರದರನ್ ಸಭೆಗಳಲ್ಲಿ ಬಹಳ ಮಂದಿ ಅಕ್ಷರಶಃ ಓದಿ, ಅಂತ್ಯಕಾಲದ ಮಹಾಸಂಕಟಕ್ಕೆ ಮೊದಲೇ ವಿಶ್ವಾಸಿಗಳು ಎತ್ತಲ್ಪಡುವರೆಂದು ನಂಬುತ್ತಾರೆ. ಕ್ರಿಸ್ತನು ಮಹಿಮೆಯಿಂದ ಮತ್ತೆ ಬಂದು ಜೀವಂತರಿಗೂ ಸತ್ತವರಿಗೂ ನ್ಯಾಯತೀರಿಸುವನೆಂಬ ಪ್ರಾಚೀನ ನೈಸೀಯ ವಿಶ್ವಾಸಪ್ರಮಾಣದ ಮಾತಿನಲ್ಲಿ ಇವರೆಲ್ಲರೂ ಒಂದೇ.

ಹಾಳೆ ತುಂಬಿದ ಮೇಲೆ ಅದನ್ನು ನಿಮ್ಮ ಸಭಾಪಾಲಕರಿಗೋ ಸತ್ಯವೇದವನ್ನು ಚೆನ್ನಾಗಿ ಬಲ್ಲ ಹಿರಿಯರಿಗೋ ತೋರಿಸಿ. ನಿಮ್ಮ ಓದೂ ತಪ್ಪಿರಬಹುದು. ಸಂದೇಶವನ್ನು ಕಳುಹಿಸಿದವರು ನಿಮ್ಮ ಅತ್ತೆಯೋ ದೊಡ್ಡಪ್ಪನೋ ಆಗಿದ್ದರೆ, ಗುಂಪಿನಲ್ಲಿ ಎಲ್ಲರೆದುರು ತಿದ್ದಲು ಹೋಗಬೇಡಿ. ಎದುರಿಸುವವರನ್ನು ಸಾತ್ವಿಕತೆಯಿಂದ ತಿದ್ದಬೇಕೆಂದು ಪೌಲನು ತಿಮೊಥೆಯನಿಗೆ ಹೇಳಿದ ಮಾತು ಇಲ್ಲಿಯೂ ನಡೆಯುತ್ತದೆ. ಭಾನುವಾರ ಆರಾಧನೆ ಮುಗಿದ ಮೇಲೆ ಅವರ ಮನೆಗೆ ಹೋಗಿ, ಅವರದೇ ಸತ್ಯವೇದವನ್ನು ತೆರೆದು, ಲೂಕ 21ನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿ. ಎಲ್ಲಾ ಮರಗಳನ್ನೂ ನೋಡಿರಿ ಎಂಬಲ್ಲಿಗೆ ಅವರು ಬಂದಾಗ ನೀವು ಸುಮ್ಮನಿರಿ.