ವಾಸ್ಕೋಗೆ ಬಂದ ಹೊಸ ಪಾದ್ರಿ

ಮಂಗಳೂರು ಬಲ್ಮಠದ ಥಿಯಾಲಾಜಿಕಲ್ ಕಾಲೇಜು ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ನೇಮಕ ಗೋವಾದ ವಾಸ್ಕೋ. ನನ್ನೂರು ಗದಗ-ಬೆಟಗೇರಿ. ಸುದ್ದಿ ಕೇಳಿದ ಗೆಳೆಯರು "ಗೋವಾ ಸಿಕ್ತಲ್ಲೋ, ನಿಂದು ಮಜಾ ಐತಿ ಬಿಡು" ಎಂದು ಕಾಡಿದರು. ಅವರ ಕಣ್ಣ ಮುಂದೆ ಇದ್ದದ್ದು ಕಲಂಗೂಟ್ ಬೀಚು. ನನ್ನನ್ನು ಕಳಿಸಿದ್ದು ವಾಸ್ಕೋ ಸುತ್ತಿನ ಬೈನಾ, ಸಡಾ, ಝುವಾರಿನಗರದ ಕನ್ನಡ ಜನರ ನಡುವೆ. ಗೌಂಡಿಗಳು, ಬಂದರಿನ ಹಮಾಲರು, ಮೀನಿನ ಬುಟ್ಟಿ ಹೊರುವವರು, ಫ್ಲ್ಯಾಟುಗಳಲ್ಲಿ ಮನೆಗೆಲಸ ಮಾಡುವ ಹೆಂಗಸರು. ಹೆಚ್ಚಿನವರು ಕೊಪ್ಪಳ, ಬಾಗಲಕೋಟೆ, ವಿಜಯಪುರ, ಗದಗ ಕಡೆಯವರು. ಹುಬ್ಬಳ್ಳಿಯಲ್ಲಿ ರೈಲು ಹತ್ತಿದರೆ ಲೋಂಡಾ, ಕ್ಯಾಸಲ್‌ರಾಕ್, ಕುಳೆಂ ದಾಟಿ ಇಳಿಯುವುದೇ ವಾಸ್ಕೋ. ದೂರ ಅಷ್ಟೇ ಆದರೂ ನನಗಿದು ಪರದೇಶವೇ ಆಗಿತ್ತು. ಕಾನೂನು ಬೇರೆ, ಕಚೇರಿಯ ಮಾತು ಬೇರೆ, ನಮ್ಮ ಜನರನ್ನು ನೋಡುವ ಕಣ್ಣೂ ಬೇರೆ.

ನಮ್ಮೂರಿನ ಕ್ರೈಸ್ತ ಸಭೆಯನ್ನು ಕಟ್ಟಿದವರೇ ಪರದೇಶದವರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪ್ರೊಟೆಸ್ಟಂಟ್ ಮಿಶನರಿಗಳು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ಬೆಟಗೇರಿಗೆ. ಕಾಲೇಜಿನಲ್ಲಿ ಅವರ ಬಗ್ಗೆ ಓದುವಾಗ ಕಿಟೆಲ್ಲರ ನಿಘಂಟು, ಮುದ್ರಣಾಲಯ, ಹಂಚಿನ ಕಾರ್ಖಾನೆ, ಇವೇ ಬರುತ್ತಿದ್ದವು. ಮೊದಲ ವರ್ಷ ಹೊಸ ಊರಿಗೆ ಬಂದ ಮಿಶನರಿ ನೀರು ಎಲ್ಲಿಂದ ತಂದ, ಯಾರ ಮನೆಯಲ್ಲಿ ಉಂಡ, ಯಾವ ಕಚೇರಿಗೆ ಅಲೆದ ಅನ್ನುವುದು ಯಾವ ಪಾಠದಲ್ಲೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಅದೇ.

ಮೊದಲ ಕೆಲಸ ಮನೆ ಹುಡುಕುವುದು. ಘಟ್ಟದ ಮೇಲಿಂದ ಬಂದವರನ್ನು ಇಲ್ಲಿ 'ಘಾಂಟಿ' ಅನ್ನುತ್ತಾರೆ, ಅದು ಮರ್ಯಾದೆಯ ಮಾತಲ್ಲ. ಕನ್ನಡದಲ್ಲಿ ಫೋನು ಮಾತಾಡಿದ್ದು ಕಿವಿಗೆ ಬಿದ್ದರೆ ಖಾಲಿ ಇದ್ದ ಖೋಲಿಯೂ ಭರ್ತಿಯಾಗಿಬಿಡುತ್ತಿತ್ತು. ಕೊನೆಗೆ ಕೊಟ್ಟವರು ಒಬ್ಬ ವಿಧವೆ, ಕಥೊಲಿಕ್ ಆಂಟಿ. ಪಾದ್ರಿ ಅಂದ ಕೂಡಲೇ ಬಾಗಿಲು ತೆರೆದರು. ಆಮೇಲೆ ಶುರುವಾಯಿತು ಪಂಚಾಯಿತಿ. ನಿಲುವಂಗಿ ಎಲ್ಲಿ? ಜಪಮಾಲೆ ಎಲ್ಲಿ? ಫೋನಿನಲ್ಲಿ ದಿನಾ ರಾತ್ರಿ ಯಾರ ಜೊತೆ ಮಾತು? ನಿಶ್ಚಿತಾರ್ಥ ಆಗಿದೆ, ನಮ್ಮ ಪ್ರೊಟೆಸ್ಟಂಟರಲ್ಲಿ ಪಾದ್ರಿಗಳು ಮದುವೆಯಾಗುತ್ತಾರೆ ಎಂದೆ. ಆಂಟಿ ಶಿಲುಬೆಯ ಗುರುತು ಹಾಕಿಕೊಂಡು ಒಳಗೆ ಹೋದರು. ಮರುದಿನ ಪೊಲೀಸ್ ಠಾಣೆಗೆ ಕೊಡುವ ಬಾಡಿಗೆದಾರರ ಫಾರ್ಮಿಗೆ ಮಾತ್ರ ತಕರಾರಿಲ್ಲದೆ ಸಹಿ ಹಾಕಿದರು. ಹೊಸಬರು ಈ ಫಾರ್ಮನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮುಂದೆ ಯಾರೇ "ನೀ ಯಾರು" ಅಂತ ಕೇಳಿದರೂ ಮೊದಲು ಕೈಗೆ ಬರುವ ಕಾಗದ ಅದು.

ಆಂಟಿಯ ಪಡಸಾಲೆಯಲ್ಲಿ ಸಂತ ಜೋಸೆಫ್ ವಾಜ್ ಅವರ ಪಟವಿದೆ. 1651ರಲ್ಲಿ ಬೆನಾವಲಿಂನಲ್ಲಿ ಹುಟ್ಟಿದ ಗೋವೆಯ ಪಾದ್ರಿ, 2015ರಲ್ಲಿ ಸಂತ ಪದವಿ ಸಿಕ್ಕಿತು. ಆತ 1681ರಲ್ಲಿ ಇಲ್ಲಿಂದ ನಮ್ಮ ಕನ್ನಡ ಕರಾವಳಿಗೆ ಹೋಗಿ ಕೆಲಸ ಮಾಡಿದವ. ಆಮೇಲೆ 1687ರಲ್ಲಿ ಡಚ್ಚರ ಕಣ್ಣು ತಪ್ಪಿಸಿ ಕೂಲಿಯವನ ವೇಷದಲ್ಲಿ ಸಿಲೋನಿಗೆ ದಾಟಿ, ತಮಿಳು, ಸಿಂಹಳ ಕಲಿತು ಅಲ್ಲೇ ತೀರಿಕೊಂಡ. "ಅವರು ನಿಮ್ಮ ಕಡೆ ಬಂದಿದ್ದರು, ಈಗ ನೀನು ನಮ್ಮ ಕಡೆ" ಅಂತ ಆಂಟಿ ಲೆಕ್ಕ ಚುಕ್ತಾ ಮಾಡಿದರು. ನಾನು ಪ್ರೊಟೆಸ್ಟಂಟ್, ಸಂತರ ಪಟದ ಮುಂದೆ ಕೈ ಮುಗಿಯುವವನಲ್ಲ. ಆದರೂ ಹೊಸ ನಾಡಿಗೆ ಹೋಗುವ ಕ್ರಮ ಆ ಮನುಷ್ಯನಿಗೆ ಗೊತ್ತಿತ್ತು ಅನ್ನುವುದನ್ನು ಒಪ್ಪಲೇಬೇಕು. ಕೊಂಕಣಿಯನ್ನು ನಾನು ಕಲಿತದ್ದು ಆಂಟಿಯ ಅಡುಗೆಮನೆ ಬಾಗಿಲಲ್ಲಿ ನಿಂತು, ಮತ್ತು ಬೆಳಿಗ್ಗೆ ಸೈಕಲ್ಲಿನ ಪೋಂ ಪೋಂ ಒತ್ತುತ್ತ ಬರುವ ಪಾವ್ (ಬ್ರೆಡ್ಡು) ಮಾರುವವನ ಹತ್ತಿರ ಚಿಲ್ಲರೆ ಜಗಳ ಆಡಿ.

ಇನ್ನು ಆರಾಧನೆ. ರವಿವಾರ ಮುಂಜಾನೆ ಹತ್ತು ಗಂಟೆ ಅನ್ನುವುದು ನಮ್ಮ ಊರಿನ ಪದ್ಧತಿ. ಇಲ್ಲಿ ಆ ಹೊತ್ತಿಗೆ ಮನೆಗೆಲಸದ ಅಕ್ಕಂದಿರಿಗೆ ವಾರದಲ್ಲೇ ಹೆಚ್ಚು ಕೆಲಸ, ಫ್ಲ್ಯಾಟಿನವರೆಲ್ಲ ಮನೆಯಲ್ಲಿರುತ್ತಾರೆ, ಮೀನು ತೊಳೆಯುವುದಿರುತ್ತದೆ. ಬಂದರಿನವರದು ಪಾಳಿ. ಅದಕ್ಕೆ ಮೊದಲ ತಿಂಗಳುಗಳಲ್ಲಿ ನಾನು ಸಭೆಯನ್ನೇ ಕರೆಯಲಿಲ್ಲ. ಯಾರು ಎಷ್ಟು ಹೊತ್ತಿಗೆ ಮನೆಗೆ ಬರುತ್ತಾರೆ, ಯಾರು ಯಾವಾಗ ಉಣ್ಣುತ್ತಾರೆ ಅನ್ನುವುದನ್ನಷ್ಟೇ ನೋಡಿಕೊಂಡೆ. ಆಮೇಲೆ ರವಿವಾರ ರಾತ್ರಿ ಎಂಟಕ್ಕೆ ಝುವಾರಿನಗರದಲ್ಲಿ, ವಾರದ ನಡುವೆ ಒಂದು ಸಂಜೆ ಬೈನಾದಲ್ಲಿ ಕೂಟ ಇಟ್ಟೆವು. "ರಾತ್ರಿ ಆರಾಧನಾ ಏನ್ ಚೆಂದ್ರಿ ಅಯ್ಯನವರ" ಅಂತ ಮೂಗು ಮುರಿದ ಹಿರಿಯರು ಈಗ ಎಲ್ಲರಿಗಿಂತ ಮುಂಚೆ ಬಂದು ಚಾಪೆ ಹಾಸುತ್ತಾರೆ.

ಕರಪತ್ರ ಹಂಚುವುದು, ಓಣಿಯಲ್ಲಿ ಮೈಕು ಕಟ್ಟುವುದು, ಕರೆಯದ ಮನೆಗೆ ಹೋಗಿ ಕೂರುವುದು, ಇವು ಮೂರೂ ಬೇಡ ಎಂದು ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ಭಯಕ್ಕಲ್ಲ. ಕಾಲ ಹಾಗಿದೆ ನಿಜ, ಮತಾಂತರದ ಮಾತು ಎದ್ದರೆ ಏಟು ತಿನ್ನುವವರು ಮೊದಲು ಆ ಕೂಲಿಯವರೇ. ಅದಕ್ಕಿಂತ ಹೆಚ್ಚಾಗಿ, ಒಬ್ಬನ ಕೆಲಸ ಮಾಡಿಕೊಟ್ಟು ಅದರ ಬದಲಿಗೆ ಅವನನ್ನು ಕೂಟಕ್ಕೆ ಕರೆಯುವುದು ನನಗೆ ವ್ಯಾಪಾರದಂತೆ ಕಾಣುತ್ತದೆ. ನನ್ನಿಂದ ಸರ್ಕಾರಿ ಕಾಗದಪತ್ರ ತುಂಬಿಸಿಕೊಂಡು ಹೋದವರಲ್ಲಿ ಹೆಚ್ಚಿನವರು ದ್ಯಾಮವ್ವ, ಯಲ್ಲಮ್ಮನ ಭಕ್ತರು. ಅವರು ಹಾಗೇ ಇದ್ದಾರೆ, ನನ್ನನ್ನು ಕಂಡರೆ ಚಹಾ ಕುಡಿಸುತ್ತಾರೆ.

ಕಾಗದದ ಕೆಲಸ ಶುರುವಾದದ್ದು ಬೈನಾದ ಒಬ್ಬ ಆಯಿಯಿಂದ. ಮಂಡಕ್ಕಿ ತಂದ ಪ್ಲಾಸ್ಟಿಕ್ ಚೀಲದಲ್ಲಿ ಅವಳ ಇಡೀ ಸಂಸಾರದ ದಾಖಲೆ: ಮಡಿಕೆಯಲ್ಲಿ ಹರಿದ ಕರೆಂಟ್ ಬಿಲ್ಲು, ಹೆಸರು ತಪ್ಪಾದ ಮತದಾರರ ಚೀಟಿ, ಗಂಡನ ಸಾವಿನ ದಾಖಲೆ, ಮಗಳ ಶಾಲೆಯ ಟಿ.ಸಿ. ಎಲ್ಲದರ ಮೇಲೂ ಬಂದರಿನ ಕಲ್ಲಿದ್ದಲಿನ ಸಣ್ಣ ಕರಿ ಧೂಳು, ಒರೆಸಿದರೆ ಬೆರಳಚ್ಚು ಮೂಡುತ್ತದೆ. "ಇದರಾಗ ಹದಿನೈದು ವರ್ಷ ಹುಡುಕಿ ಕೊಡಪಾ" ಎಂದಳು. ಗೋವಾದಲ್ಲಿ ಸರ್ಕಾರಿ ನೌಕರಿಗೂ ಎಷ್ಟೋ ಯೋಜನೆಗಳಿಗೂ 15 ವರ್ಷದ ವಾಸ ತೋರಿಸಬೇಕು. ಆಕೆ ಅದಕ್ಕಿಂತ ಹೆಚ್ಚೇ ಇಲ್ಲಿದ್ದಾಳೆ. ಆದರೆ 2004ರ ಜೂನ್‌ನಲ್ಲಿ ಬೈನಾ ದಂಡೆಯ ಮನೆಗಳನ್ನು ಬುಲ್ಡೋಜರ್ ಹಚ್ಚಿ ಕೆಡವಿದಾಗ ಮನೆಯ ಸಂಗಡ ವಿಳಾಸವೂ ಹೋಯಿತು. ಮುಂದೆ ಖೋಲಿಯಿಂದ ಖೋಲಿಗೆ. ನೆಲದ ಮೇಲೆ ಕಾಗದಗಳನ್ನು ಇಸವಿಯ ಪ್ರಕಾರ ಸಾಲಾಗಿ ಹರವಿ, ನಡುವೆ ಖಾಲಿ ಬಿದ್ದ ವರ್ಷಗಳಿಗೆ ಮಗಳ ಶಾಲೆಯ ರಿಜಿಸ್ಟರಿನಿಂದ ದೃಢೀಕರಣ ತಂದೆವು. ಆ ರಾತ್ರಿಯಿಂದ ನನ್ನ ಜೇಬಿನಲ್ಲಿ ಬೈಬಲ್ ಇರಲಿ ಬಿಡಲಿ, ಕರಿ ಶಾಯಿಯ ಪೆನ್ನು ಮತ್ತು ಅಂಟು ಮಾತ್ರ ಇದ್ದೇ ಇರುತ್ತವೆ.

ಪಾದ್ರಿಯಾಗಿ ನಾನು ಹೊಸದಾಗಿ ಓದಿ ಕಲಿಯಬೇಕಾಗಿ ಬಂದದ್ದು ಮದುವೆಯ ಕಾನೂನು. ಕರ್ನಾಟಕದಲ್ಲಿ ಲೈಸೆನ್ಸ್ ಇರುವ ಪಾಸ್ಟರು 1872ರ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಮದುವೆ ಮಾಡಿ ರಿಜಿಸ್ಟರಿನಲ್ಲಿ ಬರೆಯುತ್ತಾರೆ, ಕೆಲಸ ಮುಗಿಯಿತು. ಗೋವಾದಲ್ಲಿ ಹಾಗಲ್ಲ. 1961ರಲ್ಲಿ ಪೋರ್ಚುಗೀಸರು ಹೋದರೂ ಅವರ 1867ರ ಸಿವಿಲ್ ಕೋಡಿನ ಕುಟುಂಬ ಕಾನೂನು ಉಳಿದುಕೊಂಡಿತು. ಹುಡುಗ ಹುಡುಗಿ ಸಿವಿಲ್ ರಿಜಿಸ್ಟ್ರಾರ್ ಮುಂದೆ ಹೋಗಿ ಮದುವೆಯಾಗುವ ಇಚ್ಛೆ ತಿಳಿಸಿ ಮೊದಲ ಸಹಿ ಹಾಕಬೇಕು. ತಕರಾರು ಇದ್ದವರು ಹೇಳಲಿ ಅಂತ ನೋಟೀಸು ಹಚ್ಚುತ್ತಾರೆ. ಗಡುವು ಕಳೆದ ಮೇಲೆ ಸಾಕ್ಷಿಗಳ ಎದುರಿಗೆ ಎರಡನೇ ಸಹಿ. ಕಾನೂನಿನ ಲೆಕ್ಕಕ್ಕೆ ಮದುವೆ ಆಗುವುದು ಆಗ. ಕಥೊಲಿಕರಿಗೆ ಚರ್ಚಿನ ಮೂಲಕ ಹೋಗುವ ಬೇರೆ ದಾರಿ ಇದೆ, ನಮ್ಮಂಥವರಿಗೆ ಇಲ್ಲ. ನಾನು ಮಾಡಿಸುವುದು ಪ್ರಾರ್ಥನೆ, ಆಶೀರ್ವಾದ, ಊಟ.

ಇದನ್ನು ಕುಷ್ಟಗಿ ಕಡೆಯ ಬೀಗರಿಗೆ ಒಪ್ಪಿಸುವುದು ಸುಲಭವಿರಲಿಲ್ಲ. ಮುಹೂರ್ತ ಇಟ್ಟು, ಟೆಂಪೋ ಗೊತ್ತು ಮಾಡಿ, ಅಕ್ಕಿ ಚೀಲ ಇಳಿಸಿದ ಮೇಲೆ ಕೇಳಲು ಬಂದಿದ್ದರು. "ಎರಡ ಸಲ ಯಾಕ್ರೀ ಸಹಿ? ಒಮ್ಮೆ ಹಾಕಿದ್ರ ಒಲ್ಲೆ ಅಂತಾರೇನು?" ಅಂದರು ಹುಡುಗನ ಕಾಕಾ. ಅದಕ್ಕೇ ಎರಡು ಸಲ, ಒಲ್ಲೆ ಅನ್ನಲಿಕ್ಕೂ ಅವಕಾಶ ಇರಲಿ ಅಂತ ಎಂದೆ. ಹುಡುಗಿ ಮುಸಿಮುಸಿ ನಕ್ಕಳು. ಬೇರೆ ಕರಾರು ಬರೆಸದಿದ್ದರೆ ಇಲ್ಲಿನ ಕಾನೂನಿನಲ್ಲಿ ಗಂಡ ಹೆಂಡಿರ ಆಸ್ತಿ ಇಬ್ಬರಿಗೂ ಕೂಡಿದ್ದು ಎಂದು ಹೇಳಿದಾಗ ನಗು ನಿಂತಿತು. "ನಮ್ಮ ಎರಿ ಹೊಲಕ್ಕೂನ್ರಿ?" ಅಂತ ಹುಡುಗನ ಅಪ್ಪ. ಅದಕ್ಕೆ ವಕೀಲರನ್ನು ಕೇಳ್ರಿ, ನಾನು ಪಾದ್ರಿ ಎಂದು ಕೈ ಮುಗಿದೆ. ಟೆಂಪೋದ ದಿನವನ್ನು ಮಾತ್ರ ಎರಡನೇ ಸಹಿಯ ನಂತರಕ್ಕೆ ಸರಿಸಿದರು. ಈಗ ಯಾರ ಮನೆಯಲ್ಲಿ ಕನ್ಯಾ ನೋಡುವ ಸುದ್ದಿ ಬಂದರೂ ಜನ್ಮದಾಖಲೆ ತೆಗೆದು ಇಡಿ ಅಂತ ಮೊದಲು ಹೇಳಿಬಿಡುತ್ತೇನೆ.

ಊಟ, ಮಳೆ ಇವೆಲ್ಲ ತಾನಾಗಿ ಹೊಂದಿಕೊಂಡವು. ಜೋಳದ ಹಿಟ್ಟು ವಾಸ್ಕೋ ಪೇಟೆಯಲ್ಲೇ ಸಿಗುತ್ತದೆ. ರೊಟ್ಟಿ ಬಡಿಯುವ ಕೈಗಳಿಗಂತೂ ಬರವಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಅರಿವೆ ಒಣಗುವುದಿಲ್ಲ, ಅಷ್ಟೇ.

ಬಗೆಹರಿಯದೆ ಉಳಿದದ್ದು ಮಕ್ಕಳ ವಿಷಯ. ಇಲ್ಲೇ ಹುಟ್ಟಿದವು ಮನೆಯಲ್ಲಿ ಕನ್ನಡ, ಓಣಿಯಲ್ಲಿ ಹಿಂದಿ, ಶಾಲೆಯಲ್ಲಿ ಕೊಂಕಣಿ, ಇಂಗ್ಲಿಷ್ ಆಡುತ್ತವೆ. ಕನ್ನಡ ಅಕ್ಷರ ಬರುವುದಿಲ್ಲ, ಕೀರ್ತನೆ ಪುಸ್ತಕ ಕೊಟ್ಟರೆ ಪುಟ ತಿರುವಿ ಇಟ್ಟುಬಿಡುತ್ತವೆ. ಹಾಡುಗಳನ್ನು ಹಿಂದಿ, ಕೊಂಕಣಿಯ ದೇವನಾಗರಿ ಲಿಪಿಯಲ್ಲಿ ಬರೆದು ಕೊಡೋಣ ಅಂತ ಒಂದು ಗುಂಪು. ಹಾಗೆ ಮಾಡಿದರೆ ಕನ್ನಡ ಓದುವುದೇ ತಪ್ಪುತ್ತದೆ ಅಂತ ಹಿರಿಯರು, ಅವರಲ್ಲಿ ಇಬ್ಬರಿಗೆ ತಮಗೇ ಓದಲು ಬಾರದು. ನನ್ನ ಒಲವು ಅಕ್ಷರ ಕಲಿಸುವ ಕಡೆಗಿದೆ, ಶನಿವಾರ ಸಂಜೆ ಕೆಲವು ಹುಡುಗರು ಪಾಟಿ ಹಿಡಿದು ಬರುತ್ತಾರೆ. ಆದರೆ ಕ್ರಿಸ್‌ಮಸ್ ಹತ್ತಿರ ಬಂತು, ಹಾಡು ಈಗಲೇ ಬೇಕು ಅನ್ನುವ ತಾಯಂದಿರ ಮಾತಿಗೂ ನನ್ನ ಹತ್ತಿರ ಉತ್ತರವಿಲ್ಲ. ಬರುವ ರವಿವಾರ ಆರಾಧನೆ ಮುಗಿದ ಮೇಲೆ ಕೂತು ಮಾತಾಡುವುದೆಂದು ಆಗಿದೆ. ಆಯಿ ಈಗಲೇ ಹೇಳಿಟ್ಟಿದ್ದಾಳೆ, ಜಗಳ ಎಷ್ಟು ಹೊತ್ತಾದರೂ ಸರಿ, ಚಹಾ ತನ್ನದೇ ಅಂತ.