ಲೇಖನಕ್ಕೆ ದರ ಹೇಳುವ ಮುನ್ನ ಗಂಟೆಗಳನ್ನು ಎಣಿಸಿ

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎ. ಮುಗಿಸಿ, ಕುವೆಂಪುನಗರ, ಸರಸ್ವತಿಪುರಂಗಳ ಬಾಡಿಗೆ ಕೋಣೆಗಳಲ್ಲಿ ಕುಳಿತು ಆನ್‌ಲೈನ್ ಮಾರುಕಟ್ಟೆಗಳಿಗೆ ಲೇಖನ ಬರೆದುಕೊಡುವ ಹಲವರು ತಮ್ಮ ಲೆಕ್ಕವನ್ನು ನನ್ನ ಮುಂದೆ ಇಟ್ಟಿದ್ದಾರೆ. ಅವರ ಬರವಣಿಗೆಯಲ್ಲಿ ಕೊರತೆ ಕಂಡದ್ದು ಅಪರೂಪ. ದರ ಹೇಳುವಾಗ ಮಾತ್ರ ಬಹುತೇಕ ಎಲ್ಲರೂ ಒಂದೇ ಜಾಗದಲ್ಲಿ ಎಡವಿದ್ದಾರೆ. ತಿಂಗಳಿಡೀ ದುಡಿದವರ ಕೈಯಲ್ಲಿ ಕೋಣೆಯ ಬಾಡಿಗೆಯಷ್ಟೂ ಉಳಿಯದಿರುವುದನ್ನು ನೋಡಿ ಇದನ್ನು ಬರೆಯುತ್ತಿದ್ದೇನೆ.

ಖಾತೆ ತೆರೆದು ಗುರುತಿನ ದಾಖಲೆ, ಬ್ಯಾಂಕ್ ವಿವರ ತುಂಬುವುದು ಮೊದಲ ಹಂತ. ಅದಕ್ಕೆ ಒಂದು ಮಧ್ಯಾಹ್ನ ಸಾಕು. ಎರಡನೆಯದು ಮಾದರಿ ಲೇಖನಗಳು. ಮೂರೇ ಇರಲಿ, ಮೂರೂ ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದ ಮೇಲಿರಲಿ. ಮಂಡ್ಯದ ಕಡೆಯವರು ಆಲೆಮನೆಯ ಬಗ್ಗೆ ಬರೆದರೆ ಅದರಲ್ಲಿ ಬೇರೆಯವರಿಗೆ ಸಿಗದ ವಿವರ ಇರುತ್ತದೆ. ಯಶಸ್ಸಿನ ಸೂತ್ರಗಳನ್ನು ಯಾರು ಬೇಕಾದರೂ ಬರೆದಾರು.

ಮೂರನೆಯ ಹಂತ ದರ. ಇಲ್ಲಿ ನಿಧಾನಿಸಬೇಕು. ಪದಕ್ಕಿಷ್ಟು ಎಂದು ದರ ಕೇಳುವುದು ಈ ಮಾರುಕಟ್ಟೆಗಳ ವಾಡಿಕೆ. ಅದು ಇಂಗ್ಲಿಷಿಗೆ ಹೊಂದುತ್ತದೆ, ಕನ್ನಡಕ್ಕೆ ಹೊಂದುವುದಿಲ್ಲ. ‘ಆಲೆಮನೆಯಲ್ಲಿದ್ದವರಿಗೂ’ ಎಂಬುದು ನಮಗೆ ಒಂದು ಪದ. ಅದನ್ನೇ ಇಂಗ್ಲಿಷಿನಲ್ಲಿ ಹೇಳಲು ಎಂಟೊಂಬತ್ತು ಪದಗಳು ಬೇಕು. ಪ್ರತ್ಯಯಗಳನ್ನೆಲ್ಲ ಪದದೊಳಗೇ ಸೇರಿಸಿಕೊಳ್ಳುವ ಭಾಷೆಯಲ್ಲಿ ಬರೆಯುವವರು ಇಂಗ್ಲಿಷ್ ಲೇಖಕರ ಪದದರವನ್ನೇ ಒಪ್ಪಿಕೊಂಡರೆ, ಅಷ್ಟೇ ವಿಷಯವನ್ನು ಅಷ್ಟೇ ಶ್ರಮದಿಂದ ಹೇಳಿಯೂ ಕಡಿಮೆ ಹಣ ಪಡೆದಂತಾಗುತ್ತದೆ. ಆದ್ದರಿಂದ ಮೊದಲು ಗಂಟೆಗಳನ್ನು ಎಣಿಸಿ; ಪದದರವನ್ನು ಕೊನೆಯಲ್ಲಿ ಲೆಕ್ಕ ಹಾಕಿ.

800 ಪದಗಳ ಒಂದು ಲೇಖನ ಎಂದುಕೊಳ್ಳಿ. ಓದಿ ವಿವರ ಕಲೆಹಾಕಲು 3 ಗಂಟೆ, ಬರೆಯಲು 3, ತಿದ್ದಲು 1, ಗ್ರಾಹಕರೊಡನೆ ಪತ್ರವ್ಯವಹಾರಕ್ಕೆ 1, ಒಟ್ಟು 8 ಗಂಟೆ. ಗಂಟೆಗೆ 250 ರೂಪಾಯಿ ನಿಮ್ಮ ಕೈಸೇರಬೇಕಾದರೆ 2,000 ರೂಪಾಯಿ ಉಳಿಯಬೇಕು. ಇಂಥ ಮಾರುಕಟ್ಟೆಗಳಲ್ಲೊಂದಾದ ಫೈವರ್ ಬರೆಯುವವರಿಂದ ಶೇ 20ರಷ್ಟು ಕಮಿಷನ್ ಹಿಡಿಯುತ್ತದೆ. ಹೆಚ್ಚಿನವರು ಇಲ್ಲಿ 2,000ಕ್ಕೆ ಶೇ 20 ಸೇರಿಸಿ 2,400 ಎನ್ನುತ್ತಾರೆ. ಆದರೆ ಕಡಿತವಾಗುವುದು 2,400ರ ಮೇಲೆ, ಹಾಗಾಗಿ ಕೈಗೆ ಬರುವುದು 1,920. ಸರಿಯಾದ ಕ್ರಮವೆಂದರೆ 2,000ವನ್ನು 0.8ರಿಂದ ಭಾಗಿಸುವುದು, ಉತ್ತರ 2,500. ಪದಕ್ಕೆ ಹಂಚಿದರೆ 3 ರೂಪಾಯಿ 13 ಪೈಸೆ. ಇದೇ ಕೆಲಸವನ್ನು ಪದಕ್ಕೆ 1 ರೂಪಾಯಿಗೆ ಒಪ್ಪಿಕೊಂಡವರಿಗೆ ಕಮಿಷನ್ ಕಳೆದು 640 ಉಳಿಯುತ್ತದೆ, ಅಂದರೆ ಗಂಟೆಗೆ 80. ಫ್ರೀಲಾನ್ಸರ್ ತಾಣದಲ್ಲಿ ನಿಗದಿತ ಮೊತ್ತದ ಕೆಲಸಕ್ಕೆ ಶೇ 10 ಅಥವಾ 5 ಡಾಲರ್, ಯಾವುದು ಹೆಚ್ಚೋ ಅದನ್ನು ಮುರಿದುಕೊಳ್ಳುತ್ತಾರೆ; 20 ಡಾಲರಿನ ಸಣ್ಣ ಲೇಖನದಲ್ಲಿ ಕಾಲುಭಾಗ ಅಲ್ಲಿಯೇ ಹೋಗುತ್ತದೆ. ‘ಪರೀಕ್ಷೆಗೆ ಒಂದು ಲೇಖನ ಉಚಿತವಾಗಿ ಕೊಡಿ’ ಎನ್ನುವವರಿಗೆ ನಿಮ್ಮ ಮಾದರಿ ಲೇಖನಗಳನ್ನು ತೋರಿಸಿ; ಹೊಸದಾಗಿ ಬರೆದುಕೊಡಬೇಡಿ.

ದರ ಏರಿಸಿದ ಮೇಲೆ ಗುಣಮಟ್ಟವೂ ಅದಕ್ಕೆ ತಕ್ಕಂತಿರಬೇಕು. ಯೂನಿಕೋಡ್‌ನಲ್ಲಿಯೇ ಟೈಪ್ ಮಾಡಿ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಸಂಕೇತಗಳಲ್ಲಿ (ಎನ್‌ಕೋಡಿಂಗ್) ಬರೆದು ಪರಿವರ್ತಿಸಿದರೆ ಅರ್ಕಾವೊತ್ತು, ಒತ್ತಕ್ಷರಗಳು ಸ್ಥಾನ ತಪ್ಪುವ ಅಪಾಯವಿದೆ. ಅಂಕಿಗಳನ್ನು ಇದ್ದಂತೆಯೇ ಕೊಡಿ: ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಎಂದಿರುವಲ್ಲಿ 125 ಎಂದು ಬರೆಯಬೇಡಿ. ಬೇರೆಯವರ ಲೇಖನವನ್ನು ಪದ ಬದಲಿಸುವ ತಂತ್ರಾಂಶಕ್ಕೆ ಹಾಕಿ ಹೊಸದೆಂದು ಕೊಡುವ ಅಡ್ಡದಾರಿಯನ್ನಂತೂ ಹಿಡಿಯಲೇಬೇಡಿ. ಅಂಥದೊಂದು ಬರಹದಲ್ಲಿ ‘ಕಬ್ಬಿನ ಹಾಲು’ ‘ಕಬ್ಬಿನ ಕ್ಷೀರ’ವಾಗಿದ್ದುದನ್ನು ನಾನು ಕಂಡಿದ್ದೇನೆ; ಅದನ್ನು ಓದಿದ ಮಂಡ್ಯದ ಯಾವ ರೈತರೂ ಮುಂದಿನ ಸಾಲನ್ನು ನಂಬುವುದಿಲ್ಲ. ಹುಡುಕಾಟದಲ್ಲಿ ಮೇಲೆ ಬರಲೆಂದೇ ರಾಶಿರಾಶಿಯಾಗಿ ಹೊರಡಿಸಿದ ಬರಹವನ್ನು, ಬರೆದದ್ದು ಯಂತ್ರವಾಗಲಿ ಮನುಷ್ಯರಾಗಲಿ, ಗೂಗಲ್ 2024ರ ಮಾರ್ಚ್‌ನಿಂದ ಸ್ಪ್ಯಾಮ್ ಎಂದೇ ಪರಿಗಣಿಸುತ್ತಿದೆ. ಹೀಗಾಗಿ ಅಂಥ ಸರಕು ಕೊಂಡವರಿಗೂ ನಷ್ಟವೇ.

ಲೇಖನದ ಹಕ್ಕು ಯಾರದೆಂಬ ಮಾತನ್ನು ದರದೊಡನೆಯೇ ಆಡಿ ಮುಗಿಸಬೇಕು. ಬೇರೆ ಒಪ್ಪಂದವಿಲ್ಲದಿದ್ದರೆ ಅಪ್‌ವರ್ಕ್, ಫೈವರ್ ತಾಣಗಳಲ್ಲಿ ಹಣ ಸಂದಾಯವಾದೊಡನೆ ಹಕ್ಕು ಗ್ರಾಹಕರದಾಗುತ್ತದೆ. ತಾಣದ ಹೊರಗೆ ನೇರವಾಗಿ ಬರೆದುಕೊಡುವಾಗ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮನ್ನು ಓದಿಕೊಳ್ಳಿ: ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು ಸಹಿಯಾಗಿರಬೇಕು, ಅವಧಿ ನಮೂದಿಸದಿದ್ದರೆ ಅದು 5 ವರ್ಷ, ವ್ಯಾಪ್ತಿ ಹೇಳದಿದ್ದರೆ ಭಾರತಕ್ಕೆ ಮಾತ್ರ. ಹೆಸರಿಲ್ಲದೆ ಬರೆದುಕೊಡುವುದಾದರೆ ನನ್ನ ಸಲಹೆ, ದರವನ್ನು ಒಂದೂವರೆ ಪಟ್ಟು ಮಾಡಿ. ಆ ಲೇಖನವನ್ನು ಮುಂದೆ ಮಾದರಿಯಾಗಿ ತೋರಿಸುವ ಅವಕಾಶವನ್ನೇ ನೀವು ಬಿಟ್ಟುಕೊಡುತ್ತಿದ್ದೀರಿ. ತಿದ್ದುಪಡಿ ಎರಡು ಬಾರಿ ಮಾತ್ರ ಎಂದು ಮೊದಲೇ ಬರೆದಿಡಿ.

ಅಪ್‌ವರ್ಕ್‌ನಲ್ಲಿ ನಿಗದಿತ ಮೊತ್ತದ ಕೆಲಸವಾದರೆ, ಗ್ರಾಹಕರು ಹಣವನ್ನು ಎಸ್ಕ್ರೋ ಖಾತೆಗೆ (ಕೆಲಸ ಮುಗಿಯುವವರೆಗೆ ಹಣವನ್ನು ಕಾದಿರಿಸುವ ಖಾತೆಗೆ) ತುಂಬಿದ ಮೇಲೆಯೇ ಬರೆಯಲು ಕುಳಿತುಕೊಳ್ಳಿ. ಲೇಖನ ಒಪ್ಪಿಸಿದ ನಂತರ ಪರಿಶೀಲನೆಗೆ ಅವರಿಗೆ 14 ದಿನಗಳಿರುತ್ತವೆ. ಅಷ್ಟರೊಳಗೆ ಅವರು ತಿದ್ದುಪಡಿ ಕೇಳದೆ ಸುಮ್ಮನಿದ್ದರೆ ಹಣ ತಾನಾಗಿ ನಿಮಗೆ ಬಿಡುಗಡೆಯಾಗುತ್ತದೆ.