ಮನೆಯ ಹಳೇ ಪುಸ್ತಕ ಆನ್‌ಲೈನ್ ಹರಾಜಿಗೆ: ಶುರು ಎಲ್ಲಿಂದ?

ಧಾರವಾಡದ ಮಾಳಮಡ್ಡಿ ಇರಲಿ, ಹುಬ್ಬಳ್ಳಿಯ ವಿದ್ಯಾನಗರ ಇರಲಿ, ಗದಗ-ಹಾವೇರಿಯ ಹಳೆಯ ಓಣಿಗಳಿರಲಿ, ಓದುವ ಹಿರಿಯರಿದ್ದ ಮನೆಯಲ್ಲಿ ಒಂದು ಕಪಾಟು ತುಂಬ ಪುಸ್ತಕ ಇದ್ದೇ ಇರುತ್ತದೆ. ಹಿರಿಯರು ಹೋದ ಮೇಲೆ, ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಆ ಕಪಾಟು ಕಿಲೋ ಲೆಕ್ಕದಲ್ಲಿ ರದ್ದಿ ಅಂಗಡಿ ಸೇರುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಅದೇ ಪುಸ್ತಕವನ್ನು ಬೆಂಗಳೂರಿನಲ್ಲೋ ಪುಣೆಯಲ್ಲೋ ಒಬ್ಬರು ವರ್ಷಗಟ್ಟಲೆ ಹುಡುಕುತ್ತಿರುತ್ತಾರೆ.

ಹಾವೇರಿ ನಾಡಿನ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ನಮಗೆ ಆ ಕಷ್ಟ ಇಲ್ಲ. ಕೈಯಲ್ಲಿ ಫೋನಿದೆ, ಊರಲ್ಲಿ ಅಂಚೆ ಕಚೇರಿ ಇದೆ. ಬೇಕಾಗಿರುವುದು ಸ್ವಲ್ಪ ತಾಳ್ಮೆ, ಪುಸ್ತಕದ ಬಗ್ಗೆ ಇದ್ದದ್ದು ಇದ್ದ ಹಾಗೆ ಹೇಳುವ ಪ್ರಾಮಾಣಿಕತೆ.

ಮೊದಲು ಮೂರು ರಾಶಿ ಮಾಡಿ

ಎಲ್ಲ ಪುಸ್ತಕಕ್ಕೂ ಹರಾಜು ಸರಿಹೋಗುವುದಿಲ್ಲ. ಬೆಲೆ ಏರಬೇಕಾದರೆ ಒಂದೇ ಪ್ರತಿಗೆ ಕನಿಷ್ಠ ಇಬ್ಬರು ಆಸೆಪಡಬೇಕು. ಅಂಗಡಿಯಲ್ಲಿ ಹೊಸದೇ ಸಿಗುವ ಪುಸ್ತಕಕ್ಕೆ ಯಾರು ಪೈಪೋಟಿ ಮಾಡುತ್ತಾರೆ?

ಮೊದಲ ರಾಶಿ ಪಠ್ಯಪುಸ್ತಕ, ಗೈಡು, ಕೆಎಎಸ್-ಪಿಎಸ್‌ಐ ಪರೀಕ್ಷೆಯ ಪುಸ್ತಕಗಳದ್ದು. ಇವುಗಳ ಬೆಲೆ ದಿನದಿನಕ್ಕೆ ಇಳಿಯುತ್ತದೆ, ಸಿಲೆಬಸ್ ಬದಲಾದರೆ ಮುಗಿದೇಹೋಯಿತು. ಧಾರವಾಡದ ಸಪ್ತಾಪುರದ ಸುತ್ತ ಕೋಚಿಂಗ್‌ಗೆಂದು ಬಂದ ಹುಡುಗ-ಹುಡುಗಿಯರು ಎಷ್ಟೋ ಜನ ರೂಮು ಮಾಡಿಕೊಂಡಿದ್ದಾರೆ. ಒಂದು ಬೆಲೆ ಹೇಳಿ ಅಲ್ಲೇ ಕೊಟ್ಟುಬಿಡಿ.

ಎರಡನೆಯದು ಈಗಲೂ ಮರುಮುದ್ರಣ ಆಗುತ್ತಿರುವ ಜನಪ್ರಿಯ ಕಾದಂಬರಿ, ಕಥಾಸಂಕಲನಗಳು. ಇವನ್ನು ಒಂದೊಂದೇ ಮಾರಲು ಹೋದರೆ ಅಂಚೆ ಖರ್ಚೇ ಜಾಸ್ತಿ. ಒಬ್ಬರೇ ಲೇಖಕರದ್ದು ಎಂಟು-ಹತ್ತು ಕಟ್ಟಿ, ಒಟ್ಟಿಗೆ ಒಂದು ಬೆಲೆಗೆ ಕೊಡಿ.

ಮೂರನೆಯ ರಾಶಿ ಹರಾಜಿನದು. ಮೊದಲ ಮುದ್ರಣಗಳು, ಲೇಖಕರ ಸಹಿ ಇರುವ ಪ್ರತಿಗಳು, ಮುಚ್ಚಿಹೋದ ಸಣ್ಣ ಪ್ರಕಾಶನದ ಪುಸ್ತಕಗಳು, ವರ್ಷದ ಸಂಚಿಕೆಗಳನ್ನೆಲ್ಲ ಸೇರಿಸಿ ಹೊಲಿಸಿದ ಹಳೆಯ ಮಾಸಪತ್ರಿಕೆಗಳು ಇದರಲ್ಲಿ ಬರುತ್ತವೆ. ತೆಳ್ಳಗೆ ಹರಕಲಾಗಿ ಕಾಣುವುದನ್ನೂ ಇಲ್ಲೇ ಇಡಿ. ಕಂಪನಿ ನಾಟಕದ ಹಾಡಿನ ಪುಸ್ತಕ, ಜಾತ್ರೆಯಲ್ಲಿ ಮಾರಿದ ಪುರಾಣ, ನಮ್ಮ ಭಾಗ ಮುಂಬೈ ಸರ್ಕಾರದ ಕೆಳಗಿದ್ದ ಕಾಲದ ಶಾಲಾ ವಾಚನಮಾಲೆ, ಇಂಥವನ್ನು ಯಾರೂ ಜೋಪಾನವಾಗಿ ಇಟ್ಟಿರುವುದಿಲ್ಲ. ಅದಕ್ಕೇ ಸಂಗ್ರಹಕಾರರು ಇವುಗಳಿಗಾಗಿ ಕಾದಿರುತ್ತಾರೆ. ರದ್ದಿಗೆ ಮೊದಲು ಬೀಳುವುದೂ ಇವೇ, ದಯವಿಟ್ಟು ನೋಡಿ ತೆಗೆದಿಡಿ.

ಗ್ರಂಥಾಲಯದ ಮುದ್ರೆ ಇದ್ದು, ‘ರದ್ದು ಮಾಡಲಾಗಿದೆ’ ಎಂಬ ಮುದ್ರೆ ಇಲ್ಲದ ಪುಸ್ತಕ ಮಾರಬೇಡಿ, ಆ ಗ್ರಂಥಾಲಯ ಈಗಲೂ ಇದ್ದರೆ ವಾಪಸ್ ಕೊಡಿ. ಜೆರಾಕ್ಸ್ ಪ್ರತಿ, ಕಳ್ಳ ಮುದ್ರಣದ ಪ್ರತಿ ಮಾರುವುದು ಕಾನೂನಿನ ಪ್ರಕಾರ ತಪ್ಪು. ನೀವು ಕೊಂಡ ಅಸಲಿ ಪ್ರತಿಯನ್ನು ಮತ್ತೊಬ್ಬರಿಗೆ ಮಾರಲು ಯಾವ ಅಡ್ಡಿಯೂ ಇಲ್ಲ.

ಪ್ರತಿ ಪುಸ್ತಕವನ್ನೂ ಬೆನ್ನು ಹಿಡಿದು ಮೆಲ್ಲಗೆ ಒಮ್ಮೆ ಕೊಡವಿ. ಹಳೆಯ ಲಗ್ನಪತ್ರಿಕೆ, ಇನ್‌ಲ್ಯಾಂಡ್ ಪತ್ರ, ಫೋಟೊ, ಬ್ಯಾಂಕಿನ ಚೀಟಿ ಉದುರುತ್ತವೆ. ಅವು ನಿಮ್ಮ ಮನೆಯವು, ಮನೆಯಲ್ಲೇ ಇರಲಿ.

ಇದು ಯಾವ ಮುದ್ರಣ?

ಬೆಲೆ ನಿಲ್ಲುವುದು ಈ ಪ್ರಶ್ನೆಯ ಮೇಲೆ. ಶೀರ್ಷಿಕೆ ಪುಟದ ಹಿಂಬದಿ ತೆರೆಯಿರಿ. ‘ಮೊದಲ ಮುದ್ರಣ: 1961, ಎರಡನೆಯ ಮುದ್ರಣ: 1968’ ಎಂದಿದ್ದರೆ ನಿಮ್ಮ ಪ್ರತಿ 1968ರದ್ದು. ಕೊನೆಗೆ ಬರೆದ ವರ್ಷವೇ ಲೆಕ್ಕ. ಕೆಲವರು ಮೇಲಿನ ಸಾಲನ್ನಷ್ಟೇ ನೋಡಿ ಮೊದಲ ಮುದ್ರಣ ಎಂದು ಹಾಕುತ್ತಾರೆ. ಕೊಂಡವರು ಪುಟ ತೆರೆದ ಕೂಡಲೇ ಜಗಳ ಶುರು.

ತೀರ ಹಳೆಯ ಪುಸ್ತಕಗಳಲ್ಲಿ ಇಸವಿ ಬದಲು ಶಕವರ್ಷ ಇರುತ್ತದೆ. ಅದಕ್ಕೆ 78 ಕೂಡಿಸಿ. ಶಕ 1836 ಅಂದರೆ 1914. ಕೆಲವದರಲ್ಲಿ ಬರೀ ಸಂವತ್ಸರದ ಹೆಸರಿರುತ್ತದೆ. ಅದು 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಮುನ್ನುಡಿ, ಅಚ್ಚುಕೂಟದ ಹೆಸರು, ಆಣೆಯಲ್ಲಿರುವ ಬೆಲೆ ಇವನ್ನೆಲ್ಲ ನೋಡಿ ಕಾಲ ಗುರುತಿಸಬೇಕು. ಹಳೆಯ ಕನ್ನಡ ಪುಸ್ತಕಕ್ಕೆ ಐಎಸ್‌ಬಿಎನ್ (ಪುಸ್ತಕ ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಹುಡುಕಬೇಡಿ. ಆ ಪದ್ಧತಿ ಬಂದಿದ್ದೇ 1970ರಲ್ಲಿ. 13 ಅಂಕಿಯ ಸಂಖ್ಯೆ ಇದ್ದರೆ ಆ ಪ್ರತಿ 2007ರ ಆಸುಪಾಸಿನದು ಅಥವಾ ಅದರ ನಂತರದ್ದು ಎಂದು ತಿಳಿಯಬಹುದು.

ಫೋಟೊ ತೆಗೆದು ಅಚ್ಚು ಹಾಕಿದ ಮರುಮುದ್ರಣಗಳ ಬಗ್ಗೆ ಹುಷಾರು. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನೇ ತೆಗೆದುಕೊಳ್ಳಿ. ಮೂಲ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಬಂತು. ಮುಂದೆ ದೆಹಲಿಯಿಂದಲೂ ಮರುಮುದ್ರಣ ಬಂತು. ಇಂಥ ಮರುಮುದ್ರಣಗಳಲ್ಲಿ ಹಳೆಯ ಶೀರ್ಷಿಕೆ ಪುಟವನ್ನೇ ಇಸವಿ ಸಮೇತ ಹಾಗೇ ಅಚ್ಚು ಹಾಕುವುದುಂಟು. ಮುಟ್ಟಿ ನೋಡಿ. ಶತಮಾನ ದಾಟಿದ ಕಾಗದ ಬಣ್ಣ ತಿರುಗಿರುತ್ತದೆ, ಅಚ್ಚಿನ ಮೊಳೆ ಜೋಡಿಸಿ ಒತ್ತಿದ ಅಕ್ಷರದ ಉಬ್ಬು ಹಿಂಬದಿಯಲ್ಲಿ ಬೆರಳಿಗೆ ಹತ್ತುತ್ತದೆ. ಮರುಮುದ್ರಣದ ಪುಟ ನುಣುಪಾಗಿರುತ್ತದೆ.

ನಮ್ಮ ಭಾಗದವರು ಮನೋಹರ ಗ್ರಂಥಮಾಲೆಯ ಹಳೆಯ ಪ್ರತಿಗಳನ್ನು ತಪ್ಪದೆ ನೋಡಿ. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದ ಪ್ರಕಾಶನ ಅದು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಇಲ್ಲಿಂದಲೇ ಹೊರಬಂತು. ಆ ವರ್ಷಗಳ ಮೊದಲ ಮುದ್ರಣ ನಿಮ್ಮ ಕಪಾಟಿನಲ್ಲಿದ್ದರೆ ಅದು ಮೂರನೆಯ ರಾಶಿಗೆ. ಬ್ರಿಟಿಷ್ ಸರ್ಕಾರ ಜಿಲ್ಲೆಗಳ ಮಾಹಿತಿ ಸೇರಿಸಿ ತಂದ ಬಾಂಬೆ ಗೆಜೆಟಿಯರ್‌ನ 1884ರ ಧಾರವಾಡ ಸಂಪುಟದ ಮೂಲ ಪ್ರತಿ ಇದ್ದರಂತೂ ಅವಸರ ಮಾಡಬೇಡಿ, ಬಲ್ಲವರಿಗೆ ತೋರಿಸಿಯೇ ಮುಂದುವರಿಯಿರಿ.

ಎಲ್ಲಿ ಮಾರುವುದು, ಎಷ್ಟಕ್ಕೆ ಶುರು ಮಾಡುವುದು

ಆನ್‌ಲೈನ್ ಹರಾಜಿನ ದೊಡ್ಡ ಜಾಲತಾಣ ಇಬೇ. ಅದರ ಭಾರತದ ಸೈಟು 2018ರ ಆಗಸ್ಟ್‌ನಲ್ಲಿ ಮುಚ್ಚಿತು. ಈಗ ಇಲ್ಲಿಂದ ಇಬೇಗೆ ಹೋಗುವುದು ಹೊರದೇಶದ ಗಿರಾಕಿಗೆ ಮಾರುವವರು. ದೇಶದೊಳಗೆ ಕನ್ನಡ ಪುಸ್ತಕಕ್ಕೆ ನನ್ನ ಸಲಹೆ, ಹಳೆ ಪುಸ್ತಕದ ಫೇಸ್‌ಬುಕ್ ಮತ್ತು ವಾಟ್ಸ್‌ಆಪ್ ಗುಂಪುಗಳಲ್ಲಿ ಹರಾಜು ಹಾಕಿ. ಓದುಗರು ಇರುವುದು ಅಲ್ಲಿ. ಗುಂಪು ಸೇರಿದ ಕೂಡಲೇ ಮಾರಲು ಹೋಗಬೇಡಿ, ಕೆಲವು ವಾರ ಸುಮ್ನೆ ನೋಡಿ. ಯಾರು ಏನು ಕೊಳ್ಳುತ್ತಾರೆ, ಯಾವುದು ಎಷ್ಟಕ್ಕೆ ನಿಲ್ಲುತ್ತದೆ ಎಂಬುದು ತಾನೇ ಗೊತ್ತಾಗುತ್ತದೆ.

ಬೆಲೆ ನೋಡುವಾಗ ಒಂದು ಎಚ್ಚರ. ಅಂತರ್ಜಾಲದಲ್ಲಿ ಮಾರುವವರು ಬರೆದುಕೊಂಡ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. 8,000 ಎಂದು ಹಾಕಿ ವರ್ಷಗಟ್ಟಲೆ ಕೂತ ಪುಸ್ತಕ ನಿಮಗೆ ಏನನ್ನೂ ಹೇಳುವುದಿಲ್ಲ. ಇಬೇಯಲ್ಲಿ ಮಾರಾಟವಾದ ವಸ್ತುಗಳನ್ನಷ್ಟೇ ತೋರಿಸುವ ಆಯ್ಕೆ ಇದೆ, ಅದನ್ನು ಒತ್ತಿ ನೋಡಿ.

ಶುರುವಿನ ಬೆಲೆ ಕಡಿಮೆ ಇದ್ದಷ್ಟೂ ಜನ ಸೇರುತ್ತಾರೆ. ಆದರೆ ಒಬ್ಬರೇ ಬಿಡ್ ಮಾಡಿದರೆ, ಅಂದರೆ ಬೆಲೆ ಕೂಗಿದರೆ, ಅದೇ ಬೆಲೆಗೆ ಕೊಡಬೇಕಾಗುತ್ತದೆ. ‘ಇಷ್ಟಕ್ಕೆ ಹೋದರೂ ಬೇಜಾರಿಲ್ಲ’ ಅನ್ನಿಸುವ ಮೊತ್ತವೇ ಶುರುವಿನ ಬೆಲೆ ಆಗಿರಲಿ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಸೈಟಿನ ಕಮಿಷನ್ ಮಾತ್ರ ಮೊದಲೇ ಲೆಕ್ಕ ಹಾಕಿ. ಇಬೇ ಪುಸ್ತಕದ ಬೆಲೆಯ ಮೇಲಷ್ಟೇ ಅಲ್ಲ, ಗಿರಾಕಿ ಕೊಟ್ಟ ಅಂಚೆ ಖರ್ಚಿನ ಮೇಲೂ ಕಮಿಷನ್ ಹಿಡಿಯುತ್ತದೆ.

ಫೋಟೊ ಮತ್ತು ವಿವರ

ಬ್ಯಾಡಗಿ ಮಾರುಕಟ್ಟೆಯಲ್ಲಿ ಚೀಲಕ್ಕೆ ಕೈ ಹಾಕಿ, ಮೆಣಸಿನಕಾಯಿಯ ಬಣ್ಣ ನೋಡಿ ಬೆಲೆ ಕಟ್ಟುತ್ತಾರೆ. ನಿಮ್ಮ ಗಿರಾಕಿಗೆ ಆ ಅವಕಾಶ ಇಲ್ಲ. ಅವರು ಕೈಯಲ್ಲಿ ಹಿಡಿದಿದ್ದರೆ ಏನೇನು ನೋಡುತ್ತಿದ್ದರೋ ಅಷ್ಟನ್ನೂ ನೀವೇ ತೋರಿಸಬೇಕು.

ಬೆಳಗಿನ ಹೊತ್ತು ಕಿಟಕಿ ಪಕ್ಕ ಬಿಳಿ ಬಟ್ಟೆ ಹಾಸಿ. ಫ್ಲ್ಯಾಶ್ ಬೇಡ. ಮುಖಪುಟ, ಬೆನ್ನು, ಹಿಂಬದಿ, ಶೀರ್ಷಿಕೆ ಪುಟ, ಅದರ ಹಿಂದಿನ ಮುದ್ರಣ ವಿವರದ ಪುಟ, ಒಂದು ಒಳಪುಟ, ಆಮೇಲೆ ಒಂದೊಂದು ದೋಷಕ್ಕೂ ಒಂದೊಂದು ಫೋಟೊ. ನಮ್ಮ ಧಾರವಾಡದ ಮಳೆ ಎಂಥದ್ದು ಎಂದು ಹೇಳಬೇಕಿಲ್ಲ, ಬೂಷ್ಟು ಹಿಡಿಯದ ಕಪಾಟು ಕಡಿಮೆ. ಬೂಷ್ಟು ವಾಸನೆ ಫೋಟೊದಲ್ಲಿ ಬರುವುದಿಲ್ಲ, ಬರೆದೇ ಹೇಳಬೇಕು. ಮಾಲೀಕರ ಹೆಸರು ಬರೆದಿದ್ದರೆ ಅಳಿಸಲು ಹೋಗಬೇಡಿ, ಕಾಗದ ಕಿತ್ತು ಬರುತ್ತದೆ. ಸೆಲ್ಲೊ ಟೇಪ್ ಹಚ್ಚಿ ರಿಪೇರಿ ಮಾಡುವುದಂತೂ ಬೇಡವೇ ಬೇಡ. ಟೇಪಿನ ಅಂಟು ಹಳದಿಯಾಗಿ ಅಕ್ಷರವನ್ನೇ ನುಂಗುತ್ತದೆ.

ವಿವರ ಹೀಗಿದ್ದರೆ ಸಾಕು:

‘ಎರಡನೆಯ ಮುದ್ರಣ, 1968. ಕ್ರೌನ್ 1/8 ಆಕಾರ, 212 ಪುಟ, ಎಲ್ಲ ಪುಟಗಳೂ ಇವೆ, ಎಣಿಸಿ ನೋಡಿದ್ದೇನೆ. ರಟ್ಟಿನ ಬೈಂಡಿಂಗ್ ಗಟ್ಟಿ ಇದೆ, ಮೇಲಿನ ಹೊದಿಕೆ ಇಲ್ಲ. ಬೆನ್ನಿನ ಕೆಳಗೆ ಅರ್ಧ ಇಂಚು ಹರಿದಿದೆ. ಪುಟ 40ರಿಂದ 46ರವರೆಗೆ ಪೆನ್ಸಿಲ್ ಗೆರೆ. ಕೊನೆಯ ನಾಲ್ಕು ಹಾಳೆಯ ಮೂಲೆಯಲ್ಲಿ ಹುಳ ತಿಂದ ತೂತು, ಅಕ್ಷರಕ್ಕೆ ತಾಗಿಲ್ಲ. ಮೊದಲ ಹಾಳೆಯಲ್ಲಿ ಹಳೆಯ ಮಾಲೀಕರ ಹೆಸರಿದೆ. ಸ್ವಲ್ಪ ಬೂಷ್ಟು ವಾಸನೆ ಇದೆ.’

‘ತುಂಬಾ ಚೆನ್ನಾಗಿದೆ’, ‘ಅಪರೂಪದ ಪುಸ್ತಕ’ ಎಂಬ ಮಾತು ಇದರಲ್ಲಿ ಒಂದೂ ಇಲ್ಲ. ಆದರೂ ಇಂಥ ವಿವರ ಓದಿದವರು ಧೈರ್ಯವಾಗಿ ಬಿಡ್ ಮಾಡುತ್ತಾರೆ. ‘ಹೊಲಿಗೆ ಬಿಚ್ಚೇತೇನ್ರಿ, ಸರ್?’ ಎಂದು ಯಾರಾದರೂ ಕೇಳಿದರೆ ಬೇಸರ ಪಡಬೇಡಿ. ಅವರು ನಿಜವಾದ ಗಿರಾಕಿ. ಪುಸ್ತಕ ತೆರೆದು ಹೊಲಿಗೆಯ ಫೋಟೊ ಕಳಿಸಿ, ಉತ್ತರವನ್ನು ಎಲ್ಲರಿಗೂ ಕಾಣುವಂತೆ ಹಾಕಿ.

ಸಹಿ ಇದ್ದರೆ ಅದು ಎಲ್ಲಿ, ಯಾರಿಗೆ, ಹೇಗೆ ಸಿಕ್ಕಿತು ಎಂಬುದನ್ನು ಗೊತ್ತಿದ್ದಷ್ಟೇ ಬರೆಯಿರಿ. ‘ಬೇಂದ್ರೆಯವರ ಸಹಿ ಇರಬಹುದು’ ಎಂದು ಊಹೆ ಬರೆದು ಬೆಲೆ ಏರಿಸುವುದು ಮೋಸ.

ಹರಾಜು ನಡೆಯುವಾಗ

ಸೈಟಿನಲ್ಲಿ ಲೆಕ್ಕವನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಇಬೇಯಲ್ಲಿ ಕೊಳ್ಳುವವರು ತಮ್ಮ ಗರಿಷ್ಠ ಮೊತ್ತ ಹೇಳಿಡುತ್ತಾರೆ, ಸೈಟು ಬೇಕಾದಷ್ಟೇ ಏರಿಸುತ್ತ ಹೋಗುತ್ತದೆ. ಶುರು 200, ಏರಿಕೆ 25 ರೂಪಾಯಿ ಎಂದುಕೊಳ್ಳಿ. ಒಬ್ಬರ ಗರಿಷ್ಠ 900, ಇನ್ನೊಬ್ಬರದು 650. ಪುಸ್ತಕ ಮೊದಲನೆಯವರಿಗೆ 675ಕ್ಕೆ ಹೋಗುತ್ತದೆ, 900ಕ್ಕಲ್ಲ. ಎರಡನೆಯವರ ಆಸೆ ಎಷ್ಟೋ ನಿಮ್ಮ ಬೆಲೆ ಅಷ್ಟು. ಅದಕ್ಕೇ ಹೆಚ್ಚು ಜನರಿಗೆ ಮುಟ್ಟಿಸಬೇಕು ಅನ್ನುವುದು.

ಗುಂಪಿನ ಹರಾಜಿನಲ್ಲಿ ನಿಯಮ ನೀವೇ ಬರೆಯಬೇಕು: ಶುರುವಿನ ಬೆಲೆ, ಕನಿಷ್ಠ ಏರಿಕೆ, ಮುಗಿಯುವ ದಿನ ಮತ್ತು ಗಂಟೆ, ಅಂಚೆ ಖರ್ಚು ಯಾರದು, ದುಡ್ಡು ಎಷ್ಟು ದಿನದೊಳಗೆ ಬರಬೇಕು. ಕೊನೆಯ ಐದು ನಿಮಿಷದಲ್ಲಿ ಹೊಸ ಬಿಡ್ ಬಂದರೆ ಇನ್ನೈದು ನಿಮಿಷ ಮುಂದುವರಿಯುತ್ತದೆ ಎಂದೂ ಸೇರಿಸಿ. ಇಲ್ಲದಿದ್ದರೆ ಯಾರ ಮೆಸೇಜ್ ಮೊದಲು ಬಂತು ಎಂಬ ವಾದ ತಪ್ಪಿದ್ದಲ್ಲ. ಭಾನುವಾರ ರಾತ್ರಿ 9ಕ್ಕೆ ಮುಗಿಯುವಂತೆ ಇಡಿ. ತಿಂಗಳ ಮೊದಲ ವಾರವಾದರೆ ಇನ್ನೂ ಒಳ್ಳೆಯದು, ಸಂಬಳ ಆಗಿರುತ್ತದೆ. ಹಬ್ಬದ ದಿನ ಬೇಡ.

ಗೆಳೆಯರಿಂದಲೋ ಮನೆಯವರಿಂದಲೋ ಬಿಡ್ ಮಾಡಿಸಿ ಬೆಲೆ ಏರಿಸಬೇಡಿ. ಸೈಟಿನಲ್ಲಿ ಸಿಕ್ಕಿಬಿದ್ದರೆ ಖಾತೆ ಹೋಗುತ್ತದೆ. ಗುಂಪಿನಲ್ಲಿ ಗೊತ್ತಾದರೆ ನಿಮ್ಮ ಪುಸ್ತಕವನ್ನು ಮತ್ತೆ ಯಾರೂ ಮುಟ್ಟುವುದಿಲ್ಲ.

ದುಡ್ಡು ಬಂದ ಮೇಲೆಯೇ ಪಾರ್ಸೆಲ್. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಹಾಕಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ. ‘ಸ್ಕ್ಯಾನ್ ಮಾಡಿ, ದುಡ್ಡು ಬರುತ್ತೆ’ ಎಂದವರು ಕಳ್ಳರೇ. ಸ್ಕ್ರೀನ್‌ಶಾಟ್ ನಂಬಬೇಡಿ, ಬ್ಯಾಂಕ್ ಖಾತೆ ನೋಡಿ. ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪ್ಯಾಕಿಂಗ್ ಮತ್ತು ಅಂಚೆ

ಪುಸ್ತಕಕ್ಕೆ ಪೆಟ್ಟು ಬೀಳುವುದು ಮೂಲೆಗೆ. ಮೊದಲು ಪ್ಲಾಸ್ಟಿಕ್ ಕವರ್, ನಮ್ಮ ಮಳೆಗಾಲಕ್ಕೆ ಅದು ಬೇಕೇ ಬೇಕು. ಆಮೇಲೆ ಪುಸ್ತಕಕ್ಕಿಂತ ಒಂದು ಬೆರಳು ದೊಡ್ಡದಾಗಿ ಕತ್ತರಿಸಿದ ಎರಡು ರಟ್ಟಿನ ನಡುವೆ ಇಟ್ಟು ಕಟ್ಟಿ. ಅದರ ಮೇಲೆ ಬಬಲ್ ರ್‍ಯಾಪ್, ಕೊನೆಗೆ ಗಟ್ಟಿ ಕಾಗದ. ಟೇಪು ಪುಸ್ತಕಕ್ಕೆ ಎಲ್ಲೂ ತಾಗಬಾರದು. ದಿನಪತ್ರಿಕೆಯನ್ನು ನೇರವಾಗಿ ಸುತ್ತಬೇಡಿ, ಮಸಿ ಹತ್ತುತ್ತದೆ. ಹರಾಜು ಹಾಕುವ ಮೊದಲೇ ಪ್ಯಾಕಿಂಗ್ ಸಮೇತ ತೂಕ ನೋಡಿಟ್ಟರೆ ಅಂಚೆ ಖರ್ಚು ಖಚಿತವಾಗಿ ಹೇಳಬಹುದು.

ಹಳೆಯ ರಿಜಿಸ್ಟರ್ಡ್ ಬುಕ್ ಪೋಸ್ಟ್ ಈಗಿಲ್ಲ. 2025ರ ಮೇ 1ರಿಂದ ಪುಸ್ತಕಗಳಿಗೆಂದೇ ‘ಜ್ಞಾನ ಪೋಸ್ಟ್’ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ಜೊತೆಗೆ ತೆರಿಗೆ. ಪಾರ್ಸೆಲ್ ಎಲ್ಲಿದೆ ಎಂದು ನೋಡಲೂಬಹುದು. ನೆಲದ ದಾರಿಯಲ್ಲಿ ಹೋಗುವುದರಿಂದ ತುಸು ನಿಧಾನ. ನಿಮ್ಮ ಪುಸ್ತಕ ಈ ಸೇವೆಗೆ ಸೇರುತ್ತದೆಯೇ ಎಂದು ಕೌಂಟರಿನಲ್ಲಿ ಮೊದಲೇ ಕೇಳಿ, ಏಕೆಂದರೆ ನಿಯತಕಾಲಿಕೆ, ಜಾಹೀರಾತು ಇರುವಂಥವು ಇದರಲ್ಲಿ ಹೋಗುವುದಿಲ್ಲ. ಬೆಲೆಬಾಳುವ ಪ್ರತಿಯಾದರೆ ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ.

ವಿದೇಶಕ್ಕೆ ವ್ಯಾಪಾರವಾಗಿ ಕಳಿಸಲು ಐಇಸಿ (ಆಮದು-ರಫ್ತುದಾರರ ಗುರುತಿನ) ಸಂಖ್ಯೆ ಬೇಕು, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಆದರೆ ತಾಡೋಲೆ, ಕೈಬರಹದ ಕಡತ ಸಿಕ್ಕರೆ ಅಲ್ಲೇ ನಿಲ್ಲಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಮಹತ್ವದ ಹಸ್ತಪ್ರತಿ 75 ವರ್ಷ ದಾಟಿದ್ದರೆ, ಐತಿಹಾಸಿಕ ಮಹತ್ವದ ಇತರ ವಸ್ತು 100 ವರ್ಷ ದಾಟಿದ್ದರೆ ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಇಂಥವನ್ನು ಹರಾಜಿಗಿಡುವ ಬದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ತೋರಿಸಿ.

ಯಾರೂ ಕೊಳ್ಳದಿದ್ದರೆ

ಒಮ್ಮೆ ಶುರುವಿನ ಬೆಲೆ ಇಳಿಸಿ ಮತ್ತೆ ಹಾಕಿ. ಆಗಲೂ ಹೋಗದಿದ್ದರೆ ಅದೇ ವಿಷಯದ ನಾಲ್ಕೈದು ಪುಸ್ತಕದ ಜೊತೆ ಕಟ್ಟಿ ಕೊಡಿ. ಅದಾದ ಮೇಲೂ ಉಳಿದವನ್ನು ಹತ್ತಿರದ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ (ಅರಿವು ಕೇಂದ್ರ) ಕೊಡಬಹುದು. ಮೂಟೆ ಕಟ್ಟಿಕೊಂಡು ಹೋಗುವ ಮೊದಲು ಪಟ್ಟಿ ಕಳಿಸಿ, ಯಾವುದು ಬೇಕು ಎಂದು ಅವರನ್ನೇ ಕೇಳಿ. ಹುಳ ಹಿಡಿದ ಪುಸ್ತಕ ಮಾತ್ರ ಕೊಡಬೇಡಿ, ಅಲ್ಲಿನ ಉಳಿದ ಪುಸ್ತಕಕ್ಕೂ ಹರಡುತ್ತದೆ.